ಶುಕ್ರವಾರದ ಸುಳ್ಳು

ಜೂನ್ 14

ಮಾನ್ಯರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಪುಸ್ತಕದ ರಕ್ಷಾಪುಟದ ಮೇಲೆ 'ಅನುಭವಿ ಶಿಕ್ಷಕರೊಬ್ಬರಿಂದ' ಎಂದಷ್ಟೇ ಇದೆ. ಆದ್ದರಿಂದ ಈ ಪತ್ರವನ್ನು ಪ್ರಕಾಶಕರ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವರು ಇದನ್ನು ಕಸದ ಬುಟ್ಟಿಗೆ ಎಸೆದರೆ ಇನ್ನೊಂದು ಬರೆಯುತ್ತೇನೆ. ಬರೆಯಲು ನನಗೆ ಬೇಸರವಿಲ್ಲ. ನಮ್ಮ ಬೀದಿಯ ಕೆಟ್ಟ ದೀಪ, ಬಸ್ ನಿಲ್ದಾಣದ ತಪ್ಪು ಫಲಕ, ಗ್ರಂಥಾಲಯದಲ್ಲಿ ಫ್ಯಾನ್ ಕೆಳಗೆ ಮಲಗುವವರು, ಹೀಗೆ ಎಲ್ಲದರ ಬಗ್ಗೆಯೂ ಬರೆದವಳು ನಾನು. ಮನೆಯವರು ನನ್ನನ್ನು 'ದೂರುಪೆಟ್ಟಿಗೆ' ಎನ್ನುತ್ತಾರೆ. ಅನ್ನಲಿ.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳ ಮಗಳು ಆರನೇ ತರಗತಿಯಲ್ಲಿದ್ದಾಳೆ. ಕಿರುಪರೀಕ್ಷೆಯಲ್ಲಿ 'ಬೀಜ ಮೊಳೆಯಲು ಏನೇನು ಬೇಕು?' ಎಂಬ ಪ್ರಶ್ನೆಗೆ ಅವಳು ಬರೆದದ್ದು: 'ನೀರು, ಗಾಳಿ, ಹದವಾದ ಬಿಸಿ. ಬೆಳಕು ಬೇಕಿಲ್ಲ.' ಅದರ ಮೇಲೆ ಕೆಂಪು ಶಾಯಿಯ ದೊಡ್ಡ ಕಾಟು. ಅವಳ ಟೀಚರನ್ನು ಹೋಗಿ ಕಂಡೆ. ಆ ಟೀಚರ್ ಹುಡುಗಿ ನನ್ನ ಮುಂದೆ ನಿಮ್ಮ ಪುಸ್ತಕ ತೆರೆದಳು. ಸುತ್ತ ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ: 'ನೀರು, ಗಾಳಿ, ಬೆಳಕು.'

"ಪುಸ್ತಕದಲ್ಲಿ ಇರೋ ಹಾಗೆ ಬರೆದಿದ್ರೆ ಅಂಕ ಕೊಡ್ತಿದ್ದೆ ಅಮ್ಮಾ," ಎಂದಳು. "ನಾನೇನ್ ಮಾಡ್ಲಿ? ಪುಸ್ತಕ ನಾನು ಬರೆದಿಲ್ಲವಲ್ಲ."

ಅದೂ ನಿಜವೇ. ಬರೆದವರು ನೀವು.

ಸ್ವಾಮಿ, ನಮ್ಮ ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಕಾಳು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮುಚ್ಚಳ ಮುಚ್ಚಿದ ಪಾತ್ರೆಯಲ್ಲಿ ಇಡುತ್ತೇವೆ. ಮರುದಿನ ಬಟ್ಟೆ ಬಿಚ್ಚಿದರೆ ಬೆರಳಿನ ಉಗುರಿನಷ್ಟು ಮೊಳಕೆ. ಒಳಗೆ ಯಾರು ದೀಪ ಹಚ್ಚಿಟ್ಟಿದ್ದರು? ಮಣ್ಣಿನೊಳಗೆ ಹೂತ ಬೀಜಕ್ಕೆ ಬೆಳಕು ತೋರಿಸುವವರು ಯಾರು? ಮಗು ತನ್ನ ಕಣ್ಣಿನಿಂದ ಕಂಡದ್ದನ್ನು ಬರೆದಳು. ನೀವು ನಿಮ್ಮ ಚೌಕಟ್ಟಿನಿಂದ ಅವಳ ಕಣ್ಣಿಗೇ ಕಾಟು ಹಾಕಿದಿರಿ.

ಒಂದು ಅಂಕ ಹೋದದ್ದಕ್ಕೆ ನಾನು ಬರೆಯುತ್ತಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳು ನನ್ನನ್ನು ಸಮಾಧಾನ ಮಾಡಿದಳು. "ಬಿಡಜ್ಜಿ. ಪರೀಕ್ಷೆಗೆ ಬೆಳಕು ಬೇಕು, ಅಡುಗೆಮನೆಗೆ ಬೇಡ. ಎರಡೂ ನೆನಪಿಟ್ಕೋತೀನಿ."

ಆ ಮಾತಿಗಾಗಿ ಬರೆಯುತ್ತಿದ್ದೇನೆ. ಹನ್ನೊಂದರ ವಯಸ್ಸಿಗೇ ಮಗು ಎರಡು ಸತ್ಯ ಇಟ್ಟುಕೊಳ್ಳಲು ಕಲಿತಿದೆ, ಒಂದು ನೋಡುವುದಕ್ಕೆ, ಒಂದು ಬರೆಯುವುದಕ್ಕೆ. ನಾವು ಓದುವಾಗ ವಿಜ್ಞಾನಕ್ಕೊಂದು ಕೋಣೆಯಿತ್ತು, ಅದರಲ್ಲಿ ಜಾಡಿಗಳಿದ್ದವು, ಕೈ ಕೊಳೆಯಾಗುತ್ತಿತ್ತು. ಇವಳ ಶಾಲೆಯಲ್ಲಿ ಆ ಕೋಣೆಗೆ ಮುರಿದ ಬೆಂಚು ತುಂಬಿ ಬೀಗ ಹಾಕಿದ್ದಾರೆ. ಉಳಿದಿರುವುದು ನಿಮ್ಮ ಪುಸ್ತಕ ಮಾತ್ರ.

ನನ್ನ ಬೇಡಿಕೆ ಚಿಕ್ಕದು. ಪುಸ್ತಕದಲ್ಲಿ ಇರುವುದು ತಪ್ಪು ಎಂದು ನಿಮ್ಮ ಕೈಯಾರೆ ಆ ಮಗುವಿಗೆ ಒಂದು ಪತ್ರ ಬರೆಯಿರಿ.

ಇತಿ,
ಒಬ್ಬ ನಿವೃತ್ತ ಗ್ರಂಥಪಾಲಕಿ

*

ಜುಲೈ 2

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ವಯಸ್ಸಾದವರು ಬರೆದದ್ದೆಂದು ಅಕ್ಷರ ನೋಡಿ ತಿಳಿಯಿತು. ನಾನೂ ಅದೇ ವಯಸ್ಸಿನವನು. ಆದ್ದರಿಂದ ಕೋಪಿಸಿಕೊಳ್ಳದೆ ಉತ್ತರಿಸುತ್ತೇನೆ.

ಮೊದಲನೆಯದಾಗಿ, ಹೊಗೆಸೊಪ್ಪಿನಂಥ ಕೆಲವು ಸಣ್ಣ ಬೀಜಗಳು ಬೆಳಕಿಲ್ಲದೆ ಸರಿಯಾಗಿ ಮೊಳೆಯುವುದಿಲ್ಲ ಎಂದು ಓದಿದ್ದೇನೆ. ಹಾಗಿರುವಾಗ ನನ್ನ ಉತ್ತರವನ್ನು ಪೂರ್ತಿ ತಪ್ಪೆನ್ನಲಾಗದು. ಎರಡನೆಯದಾಗಿ, ಈ ಪುಸ್ತಕ ಹಲವು ವರ್ಷಗಳಿಂದ ಮರುಮುದ್ರಣವಾಗುತ್ತಿದೆ, ಈವರೆಗೆ ಒಬ್ಬ ಶಿಕ್ಷಕರೂ ತಕರಾರು ಎತ್ತಿಲ್ಲ. ಮೊದಲ ಮುದ್ರಣದಲ್ಲಿ ಕರಡು ತಿದ್ದುವವರು ಇದೇ ಸಾಲಿನ ಪಕ್ಕ ಒಂದು ಪ್ರಶ್ನೆಚಿಹ್ನೆ ಹಾಕಿದ್ದರು. ನಾನೇ ಅದನ್ನು ಹೊಡೆದುಹಾಕಿದೆ.

ಏಕೆಂದರೆ ಅದು ನನ್ನ ಮೇಷ್ಟ್ರ ಬಾಯಿಂದ ಕೇಳಿದ ಮಾತು. ನಾನು ವೃತ್ತಿಯಿಂದ ಗಣಿತದವನು. ವಿಜ್ಞಾನವೆಂದು ನನ್ನಲ್ಲಿ ಏನಾದರೂ ಇದ್ದರೆ ಅದು ಒಬ್ಬರೇ ಮೇಷ್ಟ್ರು ಕೊಟ್ಟದ್ದು, ಅದೂ ಚಿಕ್ಕಂದಿನಲ್ಲಿ. ಅವರ ಬಲಗೈಯ ಉಂಗುರದ ಬೆರಳು ಯಂತ್ರಕ್ಕೆ ಸಿಕ್ಕಿ ಅರ್ಧ ಹೋಗಿತ್ತು. ಕಿಟಕಿಯ ಹತ್ತಿರ ನಿಂತು ಆ ಕೈ ಎತ್ತಿ, ಎರಡೂವರೆ ಬೆರಳು ತೋರಿಸಿ ಹೇಳಿದ್ದರು: "ಬೀಜಕ್ಕೆ ಮೂರೇ ಬೇಕು ಕಣ್ರೋ. ನೀರು, ಗಾಳಿ, ಬೆಳಕು." ಆ ದನಿ ಇವತ್ತಿಗೂ ಕಿವಿಯಲ್ಲಿದೆ. ಆ ಮಾತನ್ನು ಪರೀಕ್ಷಿಸಿ ನೋಡಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ತಾಯಿಯ ಕೈಯ ತುತ್ತನ್ನು ಯಾರಾದರೂ ಪರೀಕ್ಷಿಸುತ್ತಾರೆಯೇ?

ಮಗುವಿಗೆ ನನ್ನ ಆಶೀರ್ವಾದ. ಪತ್ರ ಬರೆಯಲು ಆಗದು.

ಇತಿ,
ಲೇಖಕ

*

ಜುಲೈ 9

ಏ ಸೊಳ್ಳೆ,

ನೀನೇ ಅಲ್ಲವೇ? ಎರಡೂವರೆ ಬೆರಳು ಎಂಬಲ್ಲಿಗೆ ಬಂದಾಗ ನನ್ನ ಕೈಯಲ್ಲಿದ್ದ ಕಾಫಿ ಲೋಟ ಓರೆಯಾಗಿ ನಿನ್ನ ಪತ್ರದ ಮೇಲೆಯೇ ಚೆಲ್ಲಿತು. ಆ ಬೆರಳು ಭೂಮಿಯ ಮೇಲೆ ಒಬ್ಬರಿಗೇ ಇತ್ತು. ಆ ಪಾಠ ಕೇಳಿದವರಲ್ಲಿ ಗಣಿತದ ಹುಚ್ಚು ಹಿಡಿದವನು ಒಬ್ಬನೇ: ಕಿಟಕಿಯ ಪಕ್ಕ ಕುಳಿತು, ಲೆಕ್ಕ ಮಾಡುವಾಗ ಮೂಗಿನಲ್ಲಿ ಗುಂಯ್‌ಗುಟ್ಟುತ್ತ, ಎಲ್ಲರ ತಲೆ ಕೆಡಿಸುತ್ತಿದ್ದ ಸೊಳ್ಳೆ. ನಾನು ಕಡ್ಡಿ. ನಿನ್ನ ಹಿಂದಿನ ಬೆಂಚು. ನಿನ್ನ ಕತ್ತಿನ ಹಿಂದೆ ರಬ್ಬರ್ ಬ್ಯಾಂಡ್ ಹೊಡೆದದ್ದು ನಾನಲ್ಲ, ಈಗಲೂ ಅಲ್ಲ ಎಂದೇ ಹೇಳುತ್ತೇನೆ.

ಸೇತುವೆ ಕಟ್ಟುವ ಕೆಲಸದ ನಿಮ್ಮಪ್ಪ ಒಂದು ಸೇತುವೆ ಮುಗಿಸಿ ಇನ್ನೊಂದಕ್ಕೆ ಹೊರಟಾಗ ನಿನ್ನನ್ನೂ ಗಂಟುಮೂಟೆಯ ಜೊತೆ ಎತ್ತಿಕೊಂಡು ಹೋದರು. ಸೋಮವಾರ ನಿನ್ನ ಜಾಗ ಖಾಲಿ. ನಾನು ಆಗಿನಿಂದ ಎಷ್ಟೋ ಸಲ ಯೋಚಿಸಿದ್ದೇನೆ, ಆ ಗುಂಯ್‌ಗುಟ್ಟುವ ಹುಡುಗ ಏನಾದನೋ ಎಂದು. ನೋಡಿದರೆ ಚೌಕಟ್ಟು ಹಾಕುವವನಾಗಿದ್ದಾನೆ!

ಆ ಕೋಣೆ ನೆನಪಿದೆಯೇ? ಗಂಧಕದ ಘಾಟು, ಜಾಡಿಯಲ್ಲಿ ಮುದುಡಿ ಕುಳಿತ ಹಲ್ಲಿ, ಒಂದು ಕಾಲು ಗಿಡ್ಡವಾದ ಮೇಜು, ಅದರ ಕೆಳಗೆ ಮಡಿಸಿಟ್ಟ ರಟ್ಟು. ಮಳೆಗಾಲದಲ್ಲಿ ಬೆಂಕಿಕಡ್ಡಿ ಹತ್ತದೆ ಮೇಷ್ಟ್ರು, "ಇವತ್ತು ಬೆಂಕಿಯ ಪಾಠ ಇಲ್ಲ, ನೀರಿನ ಪಾಠ," ಎಂದು ನಮ್ಮನ್ನೆಲ್ಲ ವರಾಂಡಕ್ಕೆ ಕರೆದೊಯ್ದದ್ದು?

ಒಂದು ಮಾತು ಹೇಳಬೇಕಾಗಿದೆ. ಹೇಳುವ ಮುಂಚೆ ಕೇಳುತ್ತೇನೆ. ಆ ಬೀಜದ ಪಾಠ ಯಾವ ವಾರ ನಡೆದದ್ದು ಎಂದು ನೆನಪಿದೆಯೇ?

ಇತಿ,
ಕಡ್ಡಿ (ಈಗ ಕಡ್ಡಿಯಂತೇನೂ ಇಲ್ಲ)

*

ಜುಲೈ 16

ಕಡ್ಡಿ,

ನಿನ್ನ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. "ಯಾರ್ರೀ ಇವರು, ನಿಮ್ಮನ್ನ ಸೊಳ್ಳೆ ಅಂತಾರೆ?" ಎಂದಳು. ಆಮೇಲೆ ಅವಳೇ, "ಸರಿಯಾಗೇ ಇದೆ," ಎಂದಳು. ನಾನು ಈಗಲೂ ಗುಂಯ್‌ಗುಟ್ಟುತ್ತೇನಂತೆ.

ಯಾವ ವಾರ ಎಂದು ಕೇಳುತ್ತೀಯಾ? ಶುಕ್ರವಾರ. ಮರೆಯುವುದುಂಟೇ? ಮೇಷ್ಟ್ರು ಪ್ರತಿ ಶುಕ್ರವಾರ ಪಾಠದ ನಡುವೆ ಒಂದೇ ಒಂದು ಸುಳ್ಳು ಸೇರಿಸುತ್ತಿದ್ದರು, ಯಾವುದೆಂದು ಹೇಳುತ್ತಿರಲಿಲ್ಲ. ಶನಿವಾರ, ಭಾನುವಾರ ನಾವು ಮನೆಯಲ್ಲಿ, ಬೀದಿಯಲ್ಲಿ, ಅಮ್ಮನ ಸೆರಗು ಹಿಡಿದು ಹುಡುಕಬೇಕು. ಸೋಮವಾರ ಯಾರು ಹಿಡಿದುಕೊಟ್ಟರೋ ಅವರಿಗೆ ಇಡೀ ಪಾಠ ಮೇಷ್ಟ್ರ ಕುರ್ಚಿ. ಮೇಷ್ಟ್ರು ಬೆಂಚಿನ ಮೇಲೆ. ಇಂಥ ಪಾಠ ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ನಾನೇ ಮೇಷ್ಟ್ರಾದಾಗಲೂ ಮಾಡುವ ಧೈರ್ಯ ಬರಲಿಲ್ಲ. ತಂದೆತಾಯಂದಿರು ಬಂದು ಕೊರಳಪಟ್ಟಿ ಹಿಡಿಯುತ್ತಿದ್ದರು.

ಆ ಕೊನೆಯ ಶುಕ್ರವಾರದ ಸುಳ್ಳನ್ನು ನಾನು ಹಿಡಿದಿದ್ದೆ ಕಡ್ಡಿ! ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರು ಹೇಳಿದ್ದರಲ್ಲ, "ಡಬ್ಬಿಯಲ್ಲಿ ಒಣಗಿ ಕೂತಿರೋ ಕಾಳೂ ಉಸಿರಾಡ್ತಾ ಇರುತ್ತೆ, ಬಹಳ ನಿಧಾನಕ್ಕೆ." ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಇದೇ, ಸಿಕ್ಕಿಬಿತ್ತು ಎಂದುಕೊಂಡೆ. ಕಲ್ಲಿನಂತಿರುವ ಕಾಳು ಉಸಿರಾಡುವುದೆಂದರೆ ಏನು! ಮರುದಿನ ಲಾರಿಯ ಹಿಂಭಾಗದಲ್ಲಿ ಹಾಸಿಗೆ ಸುರುಳಿಗಳ ಮೇಲೆ ಕುಳಿತು ಹೊರಟಾಗ ಅಳು ಬಂದದ್ದು ಊರು ಬಿಟ್ಟದ್ದಕ್ಕಲ್ಲ, ಸೋಮವಾರ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲವಲ್ಲ ಎಂದು. ಅಪ್ಪನಿಗೆ ಹೇಳಿದರೆ ಬೈದರು. ಆಮೇಲೆ ಎಷ್ಟು ಕುರ್ಚಿಗಳ ಮೇಲೆ ಕುಳಿತೆ, ಮುಖ್ಯೋಪಾಧ್ಯಾಯರ ಕುರ್ಚಿಯ ಮೇಲೂ ಕುಳಿತೆ. ಆ ಕುರ್ಚಿಯ ಆಸೆ ಹೋಗಲಿಲ್ಲ.

ಹೇಳು, ಆ ಸೋಮವಾರ ಒಣಕಾಳಿನ ಸುಳ್ಳು ಹಿಡಿದು ಕುರ್ಚಿಯಲ್ಲಿ ಕುಳಿತವರು ಯಾರು? ನೀನೇ ಇರಬೇಕು.

ಇತಿ,
ಸೊಳ್ಳೆ

*

ಜುಲೈ 25

ಸೊಳ್ಳೆ,

ಈ ಪತ್ರವನ್ನು ಹೇಗೆ ಬರೆಯಬೇಕೆಂದು ವಾರವೆಲ್ಲ ಯೋಚಿಸಿದೆ. ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ, ನಿನಗೂ ಗೊತ್ತು.

ಕುಳಿತವಳು ನಾನಲ್ಲ. ಬಸ್ ಕಂಡಕ್ಟರರ ಮಗಳು, ಎರಡು ಜಡೆಯವಳು. ಸೋಮವಾರ ಅವಳು ಊಟದ ಡಬ್ಬಿ ತಂದಿದ್ದಳು. ಮೇಷ್ಟ್ರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಒದ್ದೆ ಬಟ್ಟೆ, ಬಟ್ಟೆಯೊಳಗೆ ಮೊಳಕೆ ಬಂದ ಕಾಳು. "ಸಾರ್, ಇದನ್ನ ಶುಕ್ರವಾರದಿಂದ ಹೊದಿಕೆ ಪೆಟ್ಟಿಗೇಲಿ ಮುಚ್ಚಿಟ್ಟಿದ್ದೆ. ಬೆಳಕೇ ಬಿದ್ದಿಲ್ಲ," ಎಂದಳು. ಮೇಷ್ಟ್ರು ಎದ್ದು ಕುರ್ಚಿ ಹಿಂದಕ್ಕೆ ಎಳೆದರು. ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ.

ಆ ಶುಕ್ರವಾರದ ಸುಳ್ಳು ಬೆಳಕು. ಒಣಕಾಳು ಉಸಿರಾಡುತ್ತದೆ ಎಂದದ್ದು ಸತ್ಯ. ನೀನು ಸತ್ಯವನ್ನು ಸುಳ್ಳೆಂದು ಹಿಡಿದೆ, ಸುಳ್ಳನ್ನು ಸತ್ಯವೆಂದು ಹೊತ್ತುಕೊಂಡು ಲಾರಿ ಹತ್ತಿದೆ. ಈಗ ನಿನ್ನ ಪುಸ್ತಕ ತಿರುವಿ ನೋಡಿದೆ. ನಿರ್ಜೀವ ವಸ್ತುಗಳಿಗೆ ಉದಾಹರಣೆ ಕೊಡುವಾಗ ಕಲ್ಲು, ಕಬ್ಬಿಣದ ಜೊತೆಗೆ ಒಣಬೀಜವನ್ನೂ ಸೇರಿಸಿದ್ದೀಯ. ಎರಡನೆಯ ತಪ್ಪು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.

ಮೊಮ್ಮಗಳಿಗೆ ಪತ್ರ ಬರೆಯಲೇಬೇಕು ಕಣೋ. ಮೊನ್ನೆ ಅವಳು ಪಾಠ ಒಪ್ಪಿಸುತ್ತಿದ್ದಾಗ ಕೇಳಿಸಿಕೊಂಡೆ. 'ನೀರು, ಗಾಳಿ, ಬೆಳಕು' ಎಂದು ಗಿಳಿಯಂತೆ ಹೇಳುತ್ತಿದ್ದಳು, ಕೈ ಮಾತ್ರ ಮೊಳಕೆ ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು.

ಇತಿ,
ಕಡ್ಡಿ

*

ಆಗಸ್ಟ್ 3

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಚಿಕ್ಕಂದಿನ ನೆನಪುಗಳು ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಉಳಿಯುತ್ತವೆ. ನಿಮ್ಮದೇ ಸರಿಯೆಂದು ನಾನು ಒಪ್ಪಬೇಕಾಗಿಲ್ಲ.

ಇತಿ,
ಲೇಖಕ

*

ಸೆಪ್ಟೆಂಬರ್ 20

ಸೊಳ್ಳೆ,

'ಮಾನ್ಯರೇ' ಎಂದು ಬರೆದವರಿಗೆ ಉತ್ತರಿಸುವ ಅಭ್ಯಾಸ ನನಗಿದೆ, ನಗರಸಭೆಯವರೆಲ್ಲ ಹಾಗೆಯೇ ಬರೆಯುವುದು. ಆದರೂ ನಿನಗೆ ಉತ್ತರಿಸಲು ಇಷ್ಟು ದಿನ ಬೇಕಾಯಿತು.

ಪತ್ರ ಬರೆ ಎಂದು ಇನ್ನು ಒತ್ತಾಯ ಮಾಡುವುದಿಲ್ಲ. ಹಿಂದಿನ ಪತ್ರದಲ್ಲಿ ಆ ಸೋಮವಾರದ್ದನ್ನು ಅರ್ಧವಷ್ಟೇ ಹೇಳಿದ್ದೆ. ಉಳಿದದ್ದು ನಿನಗೆ ಸೇರಬೇಕಾದದ್ದು, ನಾನು ಇಟ್ಟುಕೊಂಡು ಏನು ಮಾಡಲಿ?

ಎರಡು ಜಡೆಯವಳು ಕುರ್ಚಿಯಲ್ಲಿ ಕುಳಿತ ಮೇಲೆ ಮೇಷ್ಟ್ರು ಬೆಂಚಿಗೆ ಬರಬೇಕಿತ್ತು. ಖಾಲಿ ಇದ್ದದ್ದು ನಿನ್ನ ಜಾಗ. ಅಲ್ಲಿಗೆ ಬಂದು ನಿಂತರು. "ಸೊಳ್ಳೆ ಎಲ್ಲಿ?" ಎಂದರು. ಅವರೂ ನಿನ್ನನ್ನು ಸೊಳ್ಳೆ ಎನ್ನುತ್ತಿದ್ದರೆಂದು ನಮಗೆ ಆಗಲೇ ಗೊತ್ತಾದದ್ದು, ಎಲ್ಲರೂ ನಕ್ಕೆವು. ಊರು ಬಿಟ್ಟ ಸಾರ್ ಎಂದು ಯಾರೋ ಹೇಳಿದರು. ಮೇಷ್ಟ್ರು ಕುಳಿತುಕೊಳ್ಳಲಿಲ್ಲ. ಹೋಗಿ ಕರಿಹಲಗೆ ಒರೆಸಿದರು. ಅದರ ಮೇಲೆ ಏನೂ ಬರೆದಿರಲಿಲ್ಲ. ಬೆನ್ನು ಹಾಕಿಕೊಂಡೇ, "ಅವನು ಸುಳ್ಳು ತಗೊಂಡು ಹೋಗ್ಬಿಟ್ನಲ್ರೋ," ಎಂದರು. ಈ ಸಲ ಯಾರೂ ನಗಲಿಲ್ಲ.

ಮಧ್ಯಾಹ್ನ ಕಚೇರಿಯಲ್ಲಿ ನಿನ್ನ ಹೊಸ ವಿಳಾಸ ಕೇಳುತ್ತಿದ್ದುದನ್ನು ನಾನು ನೋಡಿದೆ. ಗುಮಾಸ್ತರು, "ಸೇತುವೆ ಕೆಲಸದವರಿಗೆ ಯಾವ ವಿಳಾಸ ಸಾರ್, ನದಿ ಎಲ್ಲಿದೆಯೋ ಅಲ್ಲಿ," ಎಂದು ನಕ್ಕರು. ಅದಾದ ಮೇಲೆ ಮೇಷ್ಟ್ರು ಒಂದು ಸುಳ್ಳನ್ನೂ ಸೋಮವಾರದವರೆಗೆ ಉಳಿಸಲಿಲ್ಲ. ಶುಕ್ರವಾರ ಬೆಳಗ್ಗೆ ಹೇಳಿ, ಮನೆಗೆ ಹೋಗುವ ಗಂಟೆ ಹೊಡೆಯುವ ಮುಂಚೆ ಬಿಡಿಸಿಬಿಡುತ್ತಿದ್ದರು. ಶನಿವಾರ ಭಾನುವಾರದ ಹುಡುಕಾಟ ಹೋಯಿತು ಎಂದು ನಮಗೆಲ್ಲ ಬೇಸರ. ಯಾಕೆ ಸಾರ್ ಎಂದು ಕೇಳಿದರೆ ಕಿಟಕಿಯ ಪಕ್ಕದ ನಿನ್ನ ಖಾಲಿ ಜಾಗ ತೋರಿಸುತ್ತಿದ್ದರು.

ನೀನು ಹಿಡಿದದ್ದು ತಪ್ಪೇ ಇರಬಹುದು. ನಿನ್ನೊಬ್ಬನಿಗಾಗಿ ಅವರು ತಮ್ಮ ಪಾಠದ ಪದ್ಧತಿಯನ್ನೇ ಬದಲಾಯಿಸಿದರು. ನಮ್ಮಲ್ಲಿ ಬೇರೆ ಯಾರಿಗೂ ಅಷ್ಟು ಮಾಡಿದ್ದು ನಾನು ಕಾಣೆ.

ಇತಿ,
ಕಡ್ಡಿ

*

ನವೆಂಬರ್ 5

ಕಡ್ಡಿ,

ಸಿಟ್ಟಿನಲ್ಲಿ 'ಮಾನ್ಯರೇ' ಎಂದೆ. ಮನ್ನಿಸು.

ನಿನ್ನ ಪತ್ರ ಓದಿದ ಮೇಲೆ ಎರಡು ಡಬ್ಬಿಯಲ್ಲಿ ಕಾಳು ಕಟ್ಟಿಟ್ಟೆ, ಒಂದು ಕಿಟಕಿಯ ಮೇಲೆ, ಒಂದು ಬೀರುವಿನೊಳಗೆ ಹಳೆಯ ಕೋಟಿನ ಕೆಳಗೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಏನ್ರೀ ಇದು?" ಎಂದಳು. ಪ್ರಯೋಗ ಎಂದೆ. "ಮದುವೆಯಾದಾಗಿನಿಂದ ಮೊಳಕೆ ಕಟ್ತಿದ್ದೀನಿ, ನೀವು ತಿಂತಾನೇ ಇದ್ದೀರ. ಕತ್ತಲಲ್ಲಿ ಬರುತ್ತೋ ಇಲ್ವೋ ಅಂತ ಒಂದ್ಸಲ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದಳು. ನಿಜ. ತಟ್ಟೆಯಲ್ಲಿ ಇದ್ದದ್ದು ಊಟ, ಪುಸ್ತಕದಲ್ಲಿ ಇದ್ದದ್ದು ವಿಜ್ಞಾನ. ನಿನ್ನ ಮೊಮ್ಮಗಳು ಹನ್ನೊಂದರಲ್ಲಿ ಮಾಡಲು ಹೊರಟದ್ದನ್ನು ನಾನು ಬದುಕೆಲ್ಲ ಮಾಡಿದ್ದೇನೆ.

ಎರಡು ಡಬ್ಬಿಯಲ್ಲೂ ಮೊಳಕೆ ಬಂದ ಮೇಲೆ ಪ್ರಕಾಶಕನ ಹತ್ತಿರ ಹೋಗಿದ್ದೆ. "ಬಿಡಿ ಸಾರ್, ಯಾರೂ ಕೇಳ್ತಿಲ್ಲ," ಎಂದ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಎರಡು ಸಲ ಚಹಾ ತರಿಸಿದ, ಆಮೇಲೆ ತರಿಸುವುದನ್ನೂ ಬಿಟ್ಟ. ಸಂಜೆ ಬೀಗ ಹಾಕುವ ಹೊತ್ತಿಗೆ ಒಪ್ಪಿಕೊಂಡ. ಮುಂದಿನ ಮುದ್ರಣದಲ್ಲಿ ಎರಡೂ ಸಾಲು ತಿದ್ದುತ್ತಾರೆ. ಮಾರಿಹೋದ ಪ್ರತಿಗಳನ್ನು ಏನು ಮಾಡಲಿ ಕಡ್ಡಿ? ಎಷ್ಟು ಮನೆಗಳಲ್ಲಿ ಇವೆಯೋ. ಮೇಷ್ಟ್ರು ಹಲಗೆ ಒರೆಸಿದ್ದು ನನಗೀಗ ಅರ್ಥವಾಗುತ್ತದೆ.

ಮಗುವಿಗೆ ಬರೆದದ್ದು ಇದರೊಳಗೇ ಇದೆ. ನೀನು ಮೊದಲು ಓದಬೇಡ, ಅವಳಿಗೇ ಕೊಡು.

ಇತಿ,
ಸೊಳ್ಳೆ

*

ನವೆಂಬರ್ 5

ಮಗೂ,

ನೀನು ಓದುವ ವಿಜ್ಞಾನದ ಪುಸ್ತಕ ಬರೆದವನು ನಾನು. ಬೀಜ ಮೊಳೆಯಲು ಬೆಳಕು ಬೇಕು ಎಂದು ಅದರಲ್ಲಿರುವುದು ತಪ್ಪು. ನೀನು ಬರೆದ ಉತ್ತರ ಸರಿ. ಕೆಲವೇ ಬೀಜಗಳಿಗೆ ಬೆಳಕು ಬೇಕಾಗುತ್ತದೆ, ನಿಮ್ಮ ಅಡುಗೆಮನೆಯ ಕಾಳಿಗೆ ಬೇಡ. ಒಣಬೀಜ ನಿರ್ಜೀವ ಎಂದಿರುವುದೂ ತಪ್ಪು.

ನನಗೆ ತುಂಬ ಪ್ರೀತಿಯವರೊಬ್ಬರು ಹೇಳಿದ್ದನ್ನು ನಾನು ನೋಡದೆಯೇ ಬರೆದೆ. ಅವರು ಹೇಳಿದ್ದೇ ನಾವು ನೋಡಲಿ ಎಂದು. ನಾನು ಕೇಳಿಸಿಕೊಂಡು ಸುಮ್ಮನಾದೆ.

ಈ ಪತ್ರವನ್ನು ನಿಮ್ಮ ಟೀಚರಿಗೆ ತೋರಿಸು. ಅವರ ತಪ್ಪಿಲ್ಲ ಎಂದೂ ಹೇಳು. ಕಣ್ಣಿಗೆ ಕಂಡದ್ದು ಒಂದು, ಪುಸ್ತಕದಲ್ಲಿರುವುದು ಒಂದು ಎಂದಾದಾಗ ಎರಡನ್ನೂ ಬಾಯಿಪಾಠ ಮಾಡಬೇಡ ಕಂದ. ಜಗಳ ತೆಗಿ. ಹೇಗೆ ತೆಗೆಯಬೇಕೆಂದು ಮನೆಯಲ್ಲೇ ಕೇಳಬಹುದು.

ಇತಿ,
ಪುಸ್ತಕ ಬರೆದ ಅಜ್ಜ

*

ಡಿಸೆಂಬರ್ 11

ಪುಸ್ತಕದ ಅಜ್ಜನಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಅಜ್ಜಿ ಓದಲಿಲ್ಲ, ಆದರೆ ನಾನು ಓದುವಾಗ ಹಿಂದೆ ನಿಂತಿದ್ದರು. ಮೂಗು ಒರೆಸಿಕೊಂಡರು. ನೆಗಡಿ ಎಂದರು.

ಟೀಚರ್ ಪತ್ರವನ್ನು ಎರಡು ಸಲ ಓದಿದರು, ಮೊದಲು ಒಬ್ಬರೇ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ. ಅಂಕಪಟ್ಟಿ ಕಚೇರಿಗೆ ಹೋಗಿದೆ, ಇನ್ನು ಬದಲಾಯಿಸಲು ಆಗುವುದಿಲ್ಲ ಎಂದರು. ನಾನು ಪರವಾಗಿಲ್ಲ ಎಂದೆ. ಎಲ್ಲರೂ ಪುಸ್ತಕದಲ್ಲಿ ಆ ಸಾಲು ಹೊಡೆದುಹಾಕಿದೆವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಈ ಸಲ ನೆನಪಿಟ್ಟುಕೊಳ್ಳಲು ಒಂದೇ ಉತ್ತರ ಇತ್ತು, ಬೇಗ ಬರೆದು ಮುಗಿಸಿದೆ.

ಪತ್ರ ಓದಿದ ದಿನವೇ ಟೀಚರ್ ಕಚೇರಿಯಿಂದ ವಿಜ್ಞಾನದ ಕೋಣೆಯ ಬೀಗದ ಕೈ ತಂದರು. ಮುರಿದ ಬೆಂಚುಗಳನ್ನು ಒಂದು ಕಡೆ ತಳ್ಳಿ, ಕಾಳು ಹಾಕಿದ ಡಬ್ಬಿಗಳನ್ನು ಇಟ್ಟೆವು. ಅರ್ಧ ಕಿಟಕಿಯ ಹತ್ತಿರ, ಅರ್ಧ ಕಪಾಟಿನೊಳಗೆ. ನಿಮ್ಮ ಪತ್ರದಲ್ಲಿ ಇರುವ ಹಾಗೆ ಎರಡೂ ಕಡೆ ಮೊಳಕೆ ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಟೀಚರ್, ಇನ್ನೂ ಇರಲಿ ಎಂದರು.

ಈಗ ಕಪಾಟಿನೊಳಗಿನ ಗಿಡಗಳು ಕಿಟಕಿಯವಕ್ಕಿಂತ ಎತ್ತರ ಇವೆ! ಬೆಳಕೇ ಇಲ್ಲದವು ಹೆಚ್ಚು ಬೆಳೆದಿವೆ. ಆದರೆ ಹಳದಿ, ನೂಲಿನ ಹಾಗೆ ಸಣಕಲು, ನಿಲ್ಲಲು ಆಗದೆ ಬಾಗಿವೆ, ಎಲೆ ಇಷ್ಟಿಷ್ಟೇ. ಕಿಟಕಿಯವು ಗಿಡ್ಡ, ಹಸಿರು. ಬೆಳಕು ಇಲ್ಲದಿದ್ದರೆ ಯಾಕೆ ಉದ್ದ ಆಗಬೇಕು? ಏನೋ ಹುಡುಕುತ್ತಿವೆ ಎಂದು ನನ್ನ ಗೆಳತಿ ಹೇಳುತ್ತಾಳೆ. ಸುಮ್ಮನೆ ಸೊರಗಿವೆ ಎಂದು ಇನ್ನೊಬ್ಬ. ತರಗತಿಯಲ್ಲಿ ಎರಡು ಪಕ್ಷ ಆಗಿದೆ, ಮಾತು ಬಿಟ್ಟಿದ್ದಾರೆ. ನಿಮ್ಮ ಪುಸ್ತಕದಲ್ಲಿ ಹುಡುಕಿದೆವು, ಇದರ ಬಗ್ಗೆ ಏನೂ ಇಲ್ಲ. ನಾಳೆ ಕಪಾಟಿನ ಬಾಗಿಲಿಗೆ ಒಂದು ಸಣ್ಣ ತೂತು ಮಾಡಿ ನೋಡುತ್ತೇವೆ, ಟೀಚರ್ ಒಪ್ಪಿದ್ದಾರೆ.

ಅಜ್ಜಿಗೆ ಉತ್ತರ ಗೊತ್ತಿದೆ ಎಂದು ಅವರ ಮುಖ ನೋಡಿದರೆ ಅನ್ನಿಸುತ್ತದೆ. ನಿಮಗೂ ಗೊತ್ತಿರಬಹುದು. ದಯವಿಟ್ಟು ಈಗಲೇ ಹೇಳಬೇಡಿ.

ಇತಿ,
ಆರನೇ ತರಗತಿಯ ವಿದ್ಯಾರ್ಥಿನಿ